ಮದ್ದಿಗೊಂದು ಮನೆ

ನಾನು ಚಿಕ್ಕವಳಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮೂರಿನವರು ಆಸ್ಪತ್ರೆಗೆ ಹೊರಟರೆ ಮನೆಯಿಂದಲೇ ಒಂದು ಖಾಲಿ ಶೀಶೆ ಒಯ್ಯುತ್ತಿದ್ದರು. ಶೀಶೆ ಮರೆತು ಹೋದವರಿಗೆ ಮದ್ದಿಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಸಣ್ಣ ಕಿಟಕಿಯ ಮುಂದೆ ಸಾಲಾಗಿ ನಿಂತರೆ, ಒಳಗಿದ್ದ ಕಂಪೌಂಡರ್ ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ಮಿಕ್ಸ್ಚರ್ ಅಳೆದು ಸುರಿದು, ಬಿರಡೆ ಒತ್ತಿ, ಶೀಶೆಯ ಬೆನ್ನಿಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿಯನ್ನು ಮೊದಲೇ ಮಡಿಸಿ, ಮಡಿಕೆಯ ಮೂಲೆಯನ್ನು ಕತ್ತರಿಯಲ್ಲಿ ಕಚ್ಚಿ ಬಿಡಿಸಿರುತ್ತಿದ್ದರು. ಅಂಚಿನಲ್ಲಿ ಹಲ್ಲುಹಲ್ಲಾಗಿ ಗುರುತು ಮೂಡಿರುತ್ತಿತ್ತು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಓದು ಬಾರದ ನಮ್ಮಜ್ಜಿ ಆ ಗುರುತಿಗೆ ಹೆಬ್ಬೆರಳ ಉಗುರು ಆನಿಸಿ, ಶೀಶೆಯನ್ನು ಬೆಳಕಿಗೆ ಹಿಡಿದು, ಒಂದು ಹನಿ ಹೆಚ್ಚುಕಡಿಮೆ ಆಗದಂತೆ ನನಗೆ ಕುಡಿಸುತ್ತಿದ್ದರು.

ನಾನು ಕಂಡ ಮೊದಲ ಔಷಧದ ಲೇಬಲ್ ಅದೇ. ಅದರಲ್ಲಿ ಮದ್ದಿನ ಹೆಸರಿರಲಿಲ್ಲ, ಯಾವತ್ತಿನವರೆಗೆ ಕುಡಿಯಬಹುದು ಎಂಬುದಿರಲಿಲ್ಲ, ಯಾರು ಮಾಡಿದ್ದು ಎಂದೂ ಇರಲಿಲ್ಲ. ಆದರೆ ಎಷ್ಟು ಕುಡಿಯಬೇಕು ಎಂಬುದನ್ನು ಅಕ್ಷರ ತಿಳಿಯದವರಿಗೂ ಅದು ಹೇಳುತ್ತಿತ್ತು.

ಮುಂದೆ ನಾನು ಫಾರ್ಮಸಿ ಓದಿ, ಬೆಂಗಳೂರಿನ ಹೊರವಲಯದ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿದೆ. 31 ವರ್ಷ ಅಲ್ಲೇ ಕಳೆದೆ. ಮದ್ದು ಕಂಡುಹಿಡಿದವರ ಹೆಸರು ಪುಸ್ತಕದಲ್ಲಿ ಬರುತ್ತದೆ, ಬರೆದುಕೊಟ್ಟ ಡಾಕ್ಟರಿಗೆ ಜನ ಕೈಮುಗಿಯುತ್ತಾರೆ. ನಾವು ಮಾತ್ರ ‘ಡಬ್ಬಿಗೆ ತುಂಬುವವರು’. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗಿದೆ. ಹೊದಿಕೆ ಮದ್ದಿನದೇ ಒಂದು ಭಾಗ. ಹೊದಿಕೆ ಕೆಟ್ಟರೆ ಒಳಗಿನದೂ ಕೆಡುತ್ತದೆ, ಹೊದಿಕೆ ಕಳೆದರೆ ಮದ್ದಿನ ಹೆಸರೇ ಕಳೆದುಹೋಗುತ್ತದೆ. ಅದನ್ನು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದೇ ಇವತ್ತು ಬಂದಿದ್ದೇನೆ.

ನಮ್ಮ ಅಪ್ಪಯ್ಯನಿಗೆ ಆಗಾಗ ತಲೆನೋವು ಬರುತ್ತಿತ್ತು. ಪೇಟೆಗೆ ಹೋದಾಗ ಆಸ್ಪಿರಿನ್ ಮಾತ್ರೆ ತಂದು, ಎಲ್ಲವನ್ನೂ ಬಿಡಿಸಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿಡುತ್ತಿದ್ದರು. ಬೇಕೆಂದಾಗ ಕೈಗೆ ಸಿಗಲಿ ಎಂದು. ಆಷಾಢ ಕಳೆಯುವ ಹೊತ್ತಿಗೆ ಆ ಡಬ್ಬಿಯ ಮುಚ್ಚಳ ತೆಗೆದರೆ ಗಪ್ಪೆಂದು ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಉಪ್ಪಿನಕಾಯಿ ಭರಣಿ ಹತ್ತಿರ ಇಟ್ಟಿದ್ದರಿಂದ ಹಾಗಾಗಿದೆ ಎಂದು ಅಮ್ಮ ಅಂದುಕೊಂಡಿದ್ದರು. ನಿಜ ಏನೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆಸ್ಪಿರಿನ್‌ಗೆ ತೇವ ತಗಲಿದರೆ ಅದು ಎರಡಾಗಿ ಒಡೆಯುತ್ತದೆ. ಒಂದು ಸ್ಯಾಲಿಸಿಲಿಕ್ ಆಮ್ಲ, ಹೊಟ್ಟೆಯನ್ನು ಕೆರಳಿಸುವಂಥದ್ದು. ಇನ್ನೊಂದು ಅಸಿಟಿಕ್ ಆಮ್ಲ, ವಿನೆಗರ್‌ನಲ್ಲಿ ಇರುವ ಹುಳಿ ಅದೇ. ಅಪ್ಪಯ್ಯ ನುಂಗುತ್ತಿದ್ದುದು ಅರ್ಧ ಮದ್ದು, ಅರ್ಧ ಹುಳಿ. ಆಮೇಲೆ ಹೊಟ್ಟೆಯುರಿ ಎಂದು ಮಜ್ಜಿಗೆ ಕುಡಿದು ಮಲಗುತ್ತಿದ್ದರು.

ನಮ್ಮ ಮನೆಯಿಂದ ಆಗುಂಬೆ ದೂರವಿರಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಾಗ. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ ರಾಯಚೂರು ಇದೆ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿ ಅಂಗಡಿಯ ತಗಡಿನ ಮಾಡಿನ ಕೆಳಗೆ ಮಾತ್ರೆ ಪೆಟ್ಟಿಗೆ ಬೇಯುತ್ತಿರುತ್ತದೆ. ಒಂದೇ ಕಾರ್ಖಾನೆಯ ಒಂದೇ ಬ್ಯಾಚಿನ ಮಾತ್ರೆ ಈ ಎರಡೂ ಕಡೆ ಹೋಗಬೇಕು, ಎರಡೂ ಕಡೆ ಒಂದೇ ಥರ ಕೆಲಸ ಮಾಡಬೇಕು. ಅದಕ್ಕಾಗಿ ಕಾರ್ಖಾನೆಯಲ್ಲಿ ದೊಡ್ಡ ಬೀರುವಿನಂಥ ಕೋಣೆಗಳಿರುತ್ತವೆ. ಒಂದರಲ್ಲಿ 40 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡಾ 75 ತೇವ. ಮಾತ್ರೆಯನ್ನು ಅಲ್ಲಿ 6 ತಿಂಗಳು ಇಟ್ಟು, ನಡುನಡುವೆ ತೆಗೆದು, ಮದ್ದಿನ ಅಂಶ ಎಷ್ಟು ಉಳಿದಿದೆ, ಒಡೆದು ಬಂದದ್ದು ಎಷ್ಟಿದೆ ಎಂದು ಅಳೆಯುತ್ತಾರೆ. ಇನ್ನೊಂದು ಕೋಣೆಯಲ್ಲಿ 30 ಡಿಗ್ರಿ ಶಾಖದಲ್ಲಿ ವರ್ಷಗಟ್ಟಲೆ ಇಟ್ಟು ನೋಡುತ್ತಾರೆ. ಎಕ್ಸ್‌ಪೈರಿ ತಾರೀಖು ಹುಟ್ಟುವುದು ಈ ಕೋಣೆಗಳಲ್ಲಿ.

ಇಲ್ಲಿ ಒಂದು ವಿಷಯವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆ ಕೋಣೆಯಲ್ಲಿ ಇಡುವುದು ಬರೀ ಮಾತ್ರೆಯನ್ನಲ್ಲ. ಅಂಗಡಿಯಲ್ಲಿ ನಿಮಗೆ ಸಿಗುವ ಅದೇ ಹೊದಿಕೆಯೊಳಗಿನ ಮಾತ್ರೆಯನ್ನು. ಹಾಗಾಗಿ ಹಾಳೆಯ ಮೇಲೆ ಅಚ್ಚಾದ ತಿಂಗಳು ಹೊದಿಕೆಯೊಳಗೆ ಇರುವ ಮಾತ್ರೆಗೆ ಮಾತ್ರ ಸಲ್ಲುತ್ತದೆ. ಬಿಡಿಸಿ ಡಬ್ಬಿಗೆ ಹಾಕಿದ ಗಳಿಗೆಯಿಂದ ಆ ತಾರೀಖಿಗೂ ನಿಮ್ಮ ಮಾತ್ರೆಗೂ ಸಂಬಂಧವಿಲ್ಲ.

ಈಗ ಮನೆಯಲ್ಲಿರುವ ಒಂದು ಮಾತ್ರೆ ಹಾಳೆಯನ್ನು ಕೈಗೆ ತೆಗೆದುಕೊಳ್ಳಿ. ಎರಡೂ ಕಡೆ ಬೆಳ್ಳಿ ಬಣ್ಣದ ಫಾಯಿಲ್ ಇದ್ದು, ಮಾತ್ರೆ ನಡುವೆ ಅವಿತುಕೊಂಡಂತಿದ್ದರೆ ಅದು ಸ್ಟ್ರಿಪ್. ಒಂದು ಕಡೆ ಪ್ಲಾಸ್ಟಿಕ್ಕಿನ ಗುಳಿ, ಹಿಂದೆ ಫಾಯಿಲ್ ಇದ್ದರೆ ಬ್ಲಿಸ್ಟರ್. ಅಂಗಡಿಯಲ್ಲಿ ಎರಡಕ್ಕೂ ಸ್ಟ್ರಿಪ್ ಎಂದೇ ಹೆಸರು. ಬ್ಲಿಸ್ಟರ್ ಮಾಡುವ ಯಂತ್ರದ ಮುಂದೆ ನಾನು ಗಂಟೆಗಟ್ಟಲೆ ನಿಂತಿದ್ದೇನೆ, ಒಮ್ಮೆಯೂ ಬೇಸರ ಬಂದಿಲ್ಲ. ಒಂದು ತುದಿಯಲ್ಲಿ ಪಿವಿಸಿ ಹಾಳೆಯ ದೊಡ್ಡ ಸುರುಳಿ ಇರುತ್ತದೆ. ಹಾಳೆಯ ದಪ್ಪ ಸುಮಾರು ಕಾಲು ಮಿಲಿಮೀಟರ್. ಅದು ಬಿಸಿ ಫಲಕಗಳ ನಡುವೆ ಹಾದು ಮೆತ್ತಗಾಗುತ್ತದೆ. ಕೆಳಗೆ ಅಚ್ಚು, ಮೇಲಿಂದ ಗಾಳಿಯ ಒತ್ತಡ. ಕಣ್ಣು ಮಿಟುಕಿಸುವಷ್ಟರಲ್ಲಿ ಪಡ್ಡಿನ ಕಾವಲಿಯಂತೆ ಸಾಲುಸಾಲು ಗುಳಿ ಬಿದ್ದಿರುತ್ತದೆ. ಮೇಲಿನ ಕೊಳವೆಗಳಿಂದ ಒಂದೊಂದು ಗುಳಿಗೆ ಒಂದೊಂದು ಮಾತ್ರೆ ಬಂದು ಕೂರುತ್ತದೆ. ಬಳಿಕ ಹೆಸರು, ವಿಳಾಸ ಮುದ್ರಿಸಿದ ಅಲ್ಯೂಮಿನಿಯಂ ಫಾಯಿಲ್ ಮೇಲೆ ಹಾಸಿಕೊಳ್ಳುತ್ತದೆ. ಅದರ ದಪ್ಪ ನಮ್ಮ ತಲೆಗೂದಲಿಗಿಂತಲೂ ಕಡಿಮೆ, ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು. ಅದರ ಒಳಮೈಗೆ ಬಳಿದ ತೆಳು ಮೆರುಗೆಣ್ಣೆಯಂಥ ಪದರ ಬಿಸಿಗೆ ಕರಗಿ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಆ ಕಚ್ಚುವಿಕೆಗೆ ನಾವು ಸೀಲ್ ಎನ್ನುತ್ತೇವೆ. ನಮ್ಮ ವಿಭಾಗದ ಜೀವವೇ ಅದು.

ಪ್ಲಾಸ್ಟಿಕ್ ಎಂದರೆ ನೀರು ಹಾಯದ ವಸ್ತು ಎಂದು ನಮಗೆಲ್ಲ ಅಭ್ಯಾಸವಾಗಿದೆ. ನೀರು ಹಾಯದು, ಆದರೆ ನೀರಿನ ಆವಿ ಹಾಯುತ್ತದೆ. ಬರೀ ಪಿವಿಸಿ ಗುಳಿಯೊಳಗೆ ಮಳೆಗಾಲದ ತೇವ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ತೇವಕ್ಕೆ ಅಂಜದ ಮಾತ್ರೆಗೆ ಅದು ಸಾಕು. ಸ್ವಲ್ಪ ಅಂಜುವ ಮಾತ್ರೆಗೆ ಪಿವಿಸಿಯ ಮೇಲೆ ಪಿವಿಡಿಸಿ ಎಂಬ ಇನ್ನೊಂದು ಲೇಪ ಕೊಡುತ್ತಾರೆ. ತೇವ ತಗಲಿದರೆ ಉಳಿಯದು ಎನ್ನುವಂಥ ಮಾತ್ರೆಗೆ ಅಲು-ಅಲು. ಹೊಟ್ಟೆಯುರಿಗೆ ಕೊಡುವ ಕೆಲವು ಮಾತ್ರೆಗಳ ಹಾಳೆ ಎರಡೂ ಕಡೆ ಲೋಹದ್ದಾಗಿ, ಗುಳಿ ದೊಡ್ಡದಾಗಿ, ಕೈಗೆ ಗಟ್ಟಿಯಾಗಿ ಇರುವುದನ್ನು ನೀವು ನೋಡಿರುತ್ತೀರಿ. ನೈಲಾನ್, ಅಲ್ಯೂಮಿನಿಯಂ, ಪಿವಿಸಿ ಮೂರನ್ನೂ ಒಂದಾಗಿ ಅಂಟಿಸಿದ ಹಾಳೆ ಅದು. ಬಿಸಿ ಮಾಡದೆ ತಣ್ಣಗೇ ಒತ್ತಿ ಗುಳಿ ಮಾಡುತ್ತಾರೆ. ಲೋಹ ಹರಿಯದಂತೆ ನಿಧಾನವಾಗಿ ಎಳೆಯಬೇಕಾದ್ದರಿಂದ ಗುಳಿ ಅಗಲವಾಗುತ್ತದೆ. ಸಣ್ಣ ಮಾತ್ರೆಗೆ ಇಷ್ಟು ದೊಡ್ಡ ಹಾಳೆ ಯಾಕೆ, ಬರೀ ಆಡಂಬರ ಎಂದು ಎಷ್ಟೋ ಜನ ನನ್ನ ಹತ್ತಿರ ಹೇಳಿದ್ದಾರೆ. ಆ ಅಗಲದ ಕಾರಣ ಇಷ್ಟೇ.

ಸೀಲ್ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣದ ತೂತು ಅದು. ಅದಕ್ಕೆ ನೀಲಿ ನೀರಿನ ಪರೀಕ್ಷೆ ಇದೆ. ಗಾಜಿನ ಪಾತ್ರೆಯಲ್ಲಿ ಮಿಥಿಲೀನ್ ಬ್ಲೂ ಕಲಸಿದ ನೀರು ತುಂಬಿ, ಯಂತ್ರದಿಂದ ಆಗತಾನೆ ಬಂದ ಹಾಳೆಗಳನ್ನು ಮುಳುಗಿಸಿ, ಮುಚ್ಚಳ ಬಿಗಿದು, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆಯುತ್ತೇವೆ. ತೂತಿದ್ದರೆ ಗುಳಿಯೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಪಂಪು ನಿಲ್ಲಿಸಿ ಗಾಳಿ ಬಿಟ್ಟೊಡನೆ ಆ ಜಾಗಕ್ಕೆ ನೀಲಿ ನೀರು ನುಗ್ಗುತ್ತದೆ. ಹಾಳೆಗಳನ್ನು ಒರೆಸಿ, ಒಂದೊಂದೇ ಗುಳಿ ಬಿಡಿಸಿ ನೋಡಬೇಕು.

ಒಂದು ಜುಲೈ ತಿಂಗಳ ರಾತ್ರಿ ಪಾಳಿ ನನಗೆ ಇನ್ನೂ ನೆನಪಿದೆ. ವಿದ್ಯುತ್ ಹೋಗಿ ಬಂದು ಆಗುತ್ತಿತ್ತು. ಎರಡು ಗಂಟೆಯ ಪರೀಕ್ಷೆಯಲ್ಲಿ ಹಾಳೆಯ ಮೂಲೆಯ ಗುಳಿಯೊಂದನ್ನು ಬಿಡಿಸಿದಾಗ ಬಿಳಿ ಮಾತ್ರೆಯ ಅಂಚಿನಲ್ಲಿ ಉಗುರಿನ ಚೂರಿನಷ್ಟು ನೀಲಿ ಕಾಣಿಸಿತು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಲೈನಿನ ಹಿರಿಯ ಆಪರೇಟರ್ ಕೈಚಾಚಿ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ್ದರು. ಸೀಲ್ ಮಾಡುವ ಫಲಕದ ಒಂದು ಮೂಲೆಯಲ್ಲಿ ಶಾಖ ಇಳಿದಿತ್ತು. ಅದಕ್ಕೆ ಹಿಂದಿನ ಪರೀಕ್ಷೆ ಸರಿ ಬಂದದ್ದು ಯಾವಾಗ ಎಂದು ಪುಸ್ತಕ ನೋಡಿ, ಅಲ್ಲಿಂದ ಇಲ್ಲಿಯವರೆಗೆ ತಯಾರಾದ ಅಷ್ಟೂ ಹಾಳೆಗಳನ್ನು ಬೇರೆ ಮಾಡಿದೆವು. ಸಾವಿರಾರು ಹಾಳೆ. ಬೆಳಗಿನ ತಿಂಡಿ ಹೊತ್ತಿನವರೆಗೂ ಆ ಕೆಲಸ ನಡೆಯಿತು. ಒಂದು ಗುಳಿಗಾಗಿ ಇಷ್ಟೆಲ್ಲ ಯಾಕೆ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಆ ರಾತ್ರಿ ಜೊತೆಗಿದ್ದ ಹೆಣ್ಣುಮಕ್ಕಳ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಗಾಜಿನ ಮಾತಿಗೆ ಬರೋಣ. ಗಾಜು ಏನನ್ನೂ ಒಳಗೆ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಆದರೆ ತಾನೇ ಸ್ವಲ್ಪ ಕರಗುತ್ತದೆ. ಕಿಟಕಿಗೆ ಹಾಕುವ ಸಾಮಾನ್ಯ ಗಾಜಿನಲ್ಲಿ ಸೋಡಾ ಇರುತ್ತದೆ. ನೀರಿನಂಥ ಮದ್ದನ್ನು ತುಂಬಿ ತಿಂಗಳುಗಟ್ಟಲೆ ಇಟ್ಟರೆ ಗಾಜಿನ ಕ್ಷಾರ ಮದ್ದಿಗೆ ಇಳಿದು ಅದರ ಗುಣ ಕೆಡಿಸಬಹುದು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ಊರಿನ ಓಟ್ಟೊ ಶಾಟ್ ಎಂಬವರು ಬೋರಾನ್ ಬೆರೆಸಿ ಮಾಡಿದ ಗಾಜು ಈ ತೊಂದರೆಗೆ ದಾರಿ ತೋರಿಸಿತು. ಇಂಜೆಕ್ಷನ್ ವಯಲ್‌ಗಳಿಗೆ ಇವತ್ತಿಗೂ ಬಳಸುವುದು ಬೋರೋಸಿಲಿಕೇಟ್ ಎಂಬ ಈ ಜಾತಿಯ ಗಾಜನ್ನೇ. ಅದೇ ಕಾಲದಲ್ಲಿ, 1886ರಲ್ಲಿ, ಫ್ರಾನ್ಸಿನ ಔಷಧ ತಯಾರಕ ಸ್ಟಾನಿಸ್ಲಾಸ್ ಲಿಮೂಸಾಂ ಗಾಜಿನ ಆಂಪೂಲ್ ರೂಪಿಸಿದರು. ಮದ್ದು ತುಂಬಿ, ಕುತ್ತಿಗೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚುವ ಪುಟ್ಟ ಶೀಶೆ. ಬಿರಡೆಯೇ ಇಲ್ಲದ್ದರಿಂದ ಕ್ರಿಮಿ ಒಳಹೋಗಲು ಸಂದಿಲ್ಲ. ನರ್ಸಮ್ಮ ಪುಟ್ಟ ಅರದಿಂದ ಅದರ ಕುತ್ತಿಗೆ ಗೀಚಿ ಟಕ್ಕೆಂದು ಮುರಿಯುತ್ತಿದ್ದುದು ಹಿರಿಯ ಕೇಳುಗರಿಗೆ ನೆನಪಿರಬಹುದು.

ಕಂದು ಬಣ್ಣದ ಶೀಶೆ ಬೆಳಕಿಗಾಗಿ. ಸೂರ್ಯನ ಬೆಳಕಿನ ನೇರಳೆ, ನೀಲಿ ಅಂಚು ಮತ್ತು ಅದರಾಚೆಯ ಕಾಣದ ಕಿರಣಗಳು ಕೆಲವು ಮದ್ದುಗಳನ್ನು ಒಡೆಯುತ್ತವೆ. ಕಂದು ಗಾಜು ಅವನ್ನು ತಡೆಯುತ್ತದೆ. ಹಾಗಾಗಿ ಕಂದು ಶೀಶೆಯ ಮದ್ದನ್ನು ಬಿಳಿ ಶೀಶೆಗೆ ಸುರಿಯಬೇಡಿ.

ಗಾಜಿನ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆ. ಆ ಮದ್ದು ಮಾತ್ರೆಯಿಂದ ತಾನಾಗಿ ಆವಿಯಾಗುತ್ತದೆ. ಅಷ್ಟೇ ಅಲ್ಲ, ಹತ್ತಿರದ ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ, ಅರಳೆಯೂ ಹೀರಿಕೊಳ್ಳುತ್ತದೆ. ಅದಕ್ಕೇ ಅದನ್ನು ಗಾಜಿನ ಸಣ್ಣ ಶೀಶೆಯಲ್ಲಿ, ಬಿಗಿಯಾದ ಮುಚ್ಚಳ ಹಾಕಿ ಕೊಡುತ್ತಾರೆ. ಅದನ್ನು ಚಂದದ ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿ ಜೇಬಿನಲ್ಲಿ ಇಟ್ಟುಕೊಂಡರೆ ಮಾತ್ರೆ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಮದ್ದು ಹೋಗಿರುತ್ತದೆ. ಎದೆ ಹಿಡಿದ ಗಳಿಗೆಯಲ್ಲಿ ನಾಲಿಗೆಯಡಿ ಇಟ್ಟುಕೊಂಡದ್ದು ಬರೀ ಹಿಟ್ಟು ಎಂದಾದರೆ ಏನು ಗತಿ! ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಬರೆದುಕೊಟ್ಟಿದ್ದರೆ ಇವತ್ತೇ ಅದು ಯಾವುದರಲ್ಲಿದೆ ಎಂದು ನೋಡಿ.

ಹೊದಿಕೆಗೆ ಇನ್ನೊಂದು ಕೆಲಸವಿದೆ. ತೆರೆಯಬಾರದವರು ತೆರೆಯದಂತೆ ನೋಡಿಕೊಳ್ಳುವುದು. 1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಕ್ಯಾಪ್ಸೂಲ್ ನುಂಗಿದ 7 ಜನ ಸತ್ತರು. ಅಂಗಡಿಯ ಕಪಾಟಿನಲ್ಲಿದ್ದ ಶೀಶೆಗಳನ್ನು ಯಾರೋ ಬಿಚ್ಚಿ ಸಯನೈಡ್ ತುಂಬಿದ್ದರು. ತಯಾರಿಸಿದ ಕಂಪನಿ ಸುಮಾರು 3 ಕೋಟಿ 10 ಲಕ್ಷ ಶೀಶೆಗಳನ್ನು ಮಾರುಕಟ್ಟೆಯಿಂದ ವಾಪಸು ತರಿಸಿತು. ಆ ವರ್ಷ ಮುಗಿಯುವ ಮೊದಲೇ ಅಲ್ಲಿ ಹೊಸ ನಿಯಮ ಬಂತು, ಯಾರಾದರೂ ಮೊದಲೇ ತೆರೆದಿದ್ದರೆ ಕೊಂಡವರಿಗೆ ತಿಳಿಯುವಂತೆ ಮುಚ್ಚಳ ಇರಬೇಕು ಎಂದು. ಮೊದಲ ಸಲ ತಿರುಗಿಸಿದಾಗ ಕಟಕಟ ಎಂದು ಬಿಟ್ಟುಕೊಳ್ಳುವ ಉಂಗುರ, ಶೀಶೆ ಬಾಯಿಗೆ ಅಂಟಿಸಿದ ಫಾಯಿಲ್, ಇವೆಲ್ಲ ಈ ಎಚ್ಚರದ ಗುರುತುಗಳು. ಸಿರಪ್ ಶೀಶೆಯ ಉಂಗುರ ಮೊದಲೇ ಮುರಿದಿದ್ದರೆ ಸಂಕೋಚ ಬೇಡ, ವಾಪಸು ಕೊಡಿ.

ಮಕ್ಕಳ ವಿಷಯ ಇನ್ನೂ ಹಳೆಯದು. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ಡಾಕ್ಟರ್ ಹೆನ್ರಿ ಬ್ರೋ ಎಂಬವರು, ಬಣ್ಣದ ಮಾತ್ರೆಗಳನ್ನು ಮಿಠಾಯಿ ಎಂದು ತಿಂದು ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳನ್ನು ನೋಡಿ ನೋಡಿ ಸಾಕಾಗಿ, 1967ರಲ್ಲಿ ಒತ್ತಿ ತಿರುಗಿಸುವ ಮುಚ್ಚಳ ಬರುವಂತೆ ಮಾಡಿದರು. ಅಮೆರಿಕದಲ್ಲಿ 1970ರಲ್ಲಿ ಇದಕ್ಕೆ ಕಾನೂನೇ ಆಯಿತು. ಅಲ್ಲಿ ಇಂಥ ಮುಚ್ಚಳಗಳನ್ನು ನಾಲ್ಕು ವರ್ಷದ ಆಸುಪಾಸಿನ ಮಕ್ಕಳ ಕೈಗೇ ಕೊಟ್ಟು ಪರೀಕ್ಷಿಸುತ್ತಾರೆ. ಅವರು ತೆರೆಯಬಾರದು. 50ರಿಂದ 70 ವರ್ಷದವರಿಗೂ ಕೊಡುತ್ತಾರೆ. ಅವರು ತೆರೆಯಬೇಕು. ಮೊಮ್ಮಗುವಿಗೆ ಬಗ್ಗದ, ಅಜ್ಜಿಗೆ ಬಗ್ಗುವ ಮುಚ್ಚಳ ಮಾಡುವುದು ಎಷ್ಟು ಕಷ್ಟ ಎಂದು ಯೋಚಿಸಿ. ನಮ್ಮಲ್ಲಿ ಹೆಚ್ಚಿನ ಮಾತ್ರೆ ಹಾಳೆಯಲ್ಲಿ ಬರುವುದರಿಂದ ಒಂದೊಂದೇ ಬಿಡಿಸಬೇಕಾದ ಶ್ರಮವೇ ಮಗುವಿಗೆ ಸ್ವಲ್ಪ ತಡೆ. ನನ್ನ ಚಿಂತೆ ಇರುವುದು ಹಳೆಯ ಶೀಶೆಗಳ ಮೇಲೆ. ಸಿರಪ್ ಮುಗಿದ ಶೀಶೆಯಲ್ಲಿ ಸೀಮೆಎಣ್ಣೆ, ಫಿನಾಯಿಲ್, ತೋಟದ ಔಷಧಿ ತುಂಬಿ ಮೂಲೆಯಲ್ಲಿ ಇಡುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಮಗುವಿಗೆ ಆ ಶೀಶೆ ಎಂದರೆ ಸಿಹಿ ನೆಗಡಿ ಮದ್ದು. ಖಾಲಿಯಾದ ಮದ್ದಿನ ಶೀಶೆಗೆ ಬೇರೆ ಏನನ್ನೂ ತುಂಬಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಹೊದಿಕೆಯ ಮೇಲಿನ ಬರಹ. ನಮ್ಮ ದೇಶದಲ್ಲಿ 1940ರ ಔಷಧ ಕಾಯಿದೆ, 1945ರ ನಿಯಮಗಳು ಏನೇನು ಮುದ್ರಿಸಬೇಕೆಂದು ಹೇಳುತ್ತವೆ. ಮದ್ದಿನ ನಿಜವಾದ ಹೆಸರು, ಎಷ್ಟು ಮಿಲಿಗ್ರಾಂ, ತಯಾರಿಸಿದವರ ಹೆಸರು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ತಿಂಗಳು, ಮುಗಿಯುವ ತಿಂಗಳು. ಎಡಬದಿಯಲ್ಲಿ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಆ ಮದ್ದು ಕೊಳ್ಳಬಾರದು ಎಂದರ್ಥ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರವನ್ನೇ ನಡೆಸಿತು. ಆಂಟಿಬಯೋಟಿಕ್‌ಗಳನ್ನು ಮನಬಂದಂತೆ ನುಂಗುವುದನ್ನು ತಡೆಯುವುದು ಅದರ ಉದ್ದೇಶ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾಗಿದೆ. ಕಣ್ಣಿಗೆ ಹಾಕುವ ಹನಿಯ ಶೀಶೆಯಲ್ಲಿ ತೆರೆದ ಮೇಲೆ ಒಂದು ತಿಂಗಳೊಳಗೆ ಬಳಸಿ ಎಂದಿರುತ್ತದೆ. ಎಕ್ಸ್‌ಪೈರಿ ಎರಡು ವರ್ಷ ದೂರವಿದ್ದರೂ ಒಂದು ತಿಂಗಳೇ ಲೆಕ್ಕ. ತೆರೆದ ತಾರೀಖನ್ನು ಶೀಶೆಯ ಮೇಲೆ ಪೆನ್ನಿನಿಂದ ಬರೆದಿಡಿ.

ಈ ಬರಹ ತಪ್ಪದಂತೆ ಕಾಯುವುದು ಪ್ಯಾಕಿಂಗ್ ವಿಭಾಗದ ಅತಿ ದೊಡ್ಡ ಹೊಣೆ. ಒಂದು ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಲೈನ್ ಕ್ಲಿಯರೆನ್ಸ್ ಎಂಬ ಶೋಧ ನಡೆಯುತ್ತದೆ. ಯಂತ್ರದ ಅಡಿ, ಬೆಲ್ಟಿನ ಸಂದು, ಮೇಜಿನ ಡ್ರಾಯರ್, ಕಸದ ಬುಟ್ಟಿ, ಎಲ್ಲವನ್ನೂ ಟಾರ್ಚ್ ಹಿಡಿದು ನೋಡುತ್ತೇವೆ. ಹಿಂದಿನ ಮದ್ದಿನ ಒಂದೇ ಒಂದು ಮಾತ್ರೆ, ಒಂದೇ ಒಂದು ಲೇಬಲ್ ಸಿಕ್ಕರೂ ಯಂತ್ರ ಹೊರಡುವುದಿಲ್ಲ. ಲೇಬಲ್‌ಗಳನ್ನು ನೋಟಿನ ಹಾಗೆ ಎಣಿಸಿ ಕೊಡುತ್ತಾರೆ. ಬಳಸಿದ್ದೆಷ್ಟು, ಹರಿದದ್ದೆಷ್ಟು, ಉಳಿದದ್ದೆಷ್ಟು, ಸಂಜೆಗೆ ಲೆಕ್ಕ ಕೂಡಲೇಬೇಕು.

ಇಷ್ಟು ಜತನದಿಂದ ಮುದ್ರಿಸಿದ್ದನ್ನು ಅಂಗಡಿಯ ಕತ್ತರಿ ಒಂದೇ ಏಟಿಗೆ ಇಲ್ಲವಾಗಿಸುತ್ತದೆ. ಅಮ್ಮ ನನ್ನ ಜೊತೆ ಬೆಂಗಳೂರಿನಲ್ಲಿ ಇದ್ದಾಗಿನ ಮಾತು. ಅವರಿಗೆ ಬಿ.ಪಿ. ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ಬಿ.ಪಿ. ಮಾತ್ರೆ ಮುಗಿದಿತ್ತೆಂದು ಬಡಾವಣೆಯ ಒಂದು ಅಂಗಡಿಯಿಂದ ನಾಲ್ಕು ಮಾತ್ರೆ ತರಿಸಿಕೊಂಡರು. ಹಾಳೆಯ ನಡುವಿನಿಂದ ಕತ್ತರಿಸಿ ಕೊಟ್ಟ ತುಂಡು. ಅದರ ಬೆನ್ನಿನ ಮೇಲೆ ಉಳಿದಿದ್ದುದು ಹೆಸರಿನ ಕೊನೆಯ ಮೂರು ಅಕ್ಷರ, ವಿಳಾಸದ ಒಂದು ಚೂರು. ಸಕ್ಕರೆ ಮಾತ್ರೆಯೂ ಅಂಥದ್ದೇ ಸಣ್ಣ ಮಾತ್ರೆ, ಅದೂ ಅಂಥದ್ದೇ ಕತ್ತರಿಸಿದ ತುಂಡಿನಲ್ಲಿತ್ತು. ಬೆಳಿಗ್ಗೆ ಅಮ್ಮ ಎರಡೂ ತುಂಡಿನಿಂದ ಒಂದೊಂದು ನುಂಗುವ ಬದಲು ಸಕ್ಕರೆಯದನ್ನೇ ಎರಡು ನುಂಗಿದರು. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಪಕ್ಕದ ಮನೆಯವರು ಬಂದು ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಬದುಕಿಕೊಂಡರು. ನಾನು ಆ ಹೊತ್ತಿಗೆ ಕಾರ್ಖಾನೆಯಲ್ಲಿ ಟಾರ್ಚ್ ಹಿಡಿದು, ಯಂತ್ರದ ಸಂದಿಯಲ್ಲಿ ತಪ್ಪು ಮಾತ್ರೆ ಉಳಿದಿದೆಯೇ ಎಂದು ಹುಡುಕುತ್ತಿದ್ದೆ. ಆ ಫಾಯಿಲ್ ತುಂಡು ಇನ್ನೂ ನನ್ನ ಡೈರಿಯಲ್ಲಿದೆ.

ಹತ್ತು ಮಾತ್ರೆ ಕೊಳ್ಳಲು ಎಲ್ಲರ ಕೈಯಲ್ಲೂ ದುಡ್ಡಿರುವುದಿಲ್ಲ ಎಂಬುದು ನನಗೆ ಗೊತ್ತು. ಕತ್ತರಿಸುವುದೇ ಬೇಡ ಎಂದು ನಾನು ಹೇಳಲಾರೆ. ಹೆಸರು, ಮುಗಿಯುವ ತಿಂಗಳು ಎರಡನ್ನೂ ಪ್ರತಿಯೊಂದು ಗುಳಿಯ ಬೆನ್ನಿಗೂ ಮುದ್ರಿಸಲು ಸಾಧ್ಯವಿದೆ. ಫಾಯಿಲ್ ಹೇಗೂ ಅಚ್ಚಾಗಿಯೇ ಬರುತ್ತದೆ. ಅದನ್ನು ಎಲ್ಲ ಕಂಪನಿಗಳೂ ಮಾಡಬೇಕು, ಕನ್ನಡ ನಾಡಿನಲ್ಲಿ ಮಾರುವ ಹಾಳೆಯ ಮೇಲೆ ಹೆಸರಾದರೂ ಕನ್ನಡದಲ್ಲಿ ಇರಬೇಕು. ಇದು ನನ್ನ ಬಹುಕಾಲದ ಒತ್ತಾಯ. ಅಲ್ಲಿಯವರೆಗೆ ಅಂಗಡಿಯವರಿಗೆ ಒಂದು ಮಾತು ಹೇಳಿ: ತಾರೀಖು ಇರುವ ತುದಿಯನ್ನು ಉಳಿಸಿ, ಇನ್ನೊಂದು ತುದಿಯಿಂದ ಕತ್ತರಿಸಿ, ಕೊಡುವ ತುಂಡಿನ ಲಕೋಟೆಯ ಮೇಲೆ ಹೆಸರು, ತಾರೀಖು ಬರೆದುಕೊಡಿ ಎಂದು.

ಹೊದಿಕೆ ಮಾತಾಡಬಲ್ಲದು ಎಂಬುದಕ್ಕೆ ಒಳ್ಳೆಯ ಉದಾಹರಣೆಗಳೂ ಇವೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿದ್ದ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರ್, ಹೆಂಡತಿ ಗರ್ಭನಿರೋಧಕ ಮಾತ್ರೆ ನುಂಗಿದರೋ ಇಲ್ಲವೋ ಎಂಬ ಗೊಂದಲ ತಪ್ಪಿಸಲು ಒಂದು ಕಾಗದದ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದು ದಿನದ ಮೇಲೆ ಒಂದೊಂದು ಮಾತ್ರೆ ಇಟ್ಟರು. ಏನೋ ತಗಲಿ ಕಾಗದ, ಮಾತ್ರೆ ಎಲ್ಲ ನೆಲಕ್ಕೆ ಬಿತ್ತು. ಆಗ ಪ್ಲಾಸ್ಟಿಕ್ಕಿನಲ್ಲಿ ತಿರುಗುವ ಡಬ್ಬಿ ಮಾಡಿದರು. ದಿನ ತೋರಿಸುವ ಮಾತ್ರೆ ಡಬ್ಬಿ ಹಾಗೆ ಬಂತು. ನಮ್ಮ ಮಾಲಾ-ಡಿ, ಮಾಲಾ-ಎನ್ ಹಾಳೆಯಲ್ಲಿ 28 ಮಾತ್ರೆ ಇರುತ್ತದೆ. ಅದರಲ್ಲಿ ಹಾರ್ಮೋನ್ ಇರುವುದು 21ರಲ್ಲಿ ಮಾತ್ರ, ಉಳಿದ 7 ಕಬ್ಬಿಣಾಂಶದವು. ದಿನಕ್ಕೊಂದು ನುಂಗುವ ರೂಢಿ ಒಂದು ದಿನವೂ ತಪ್ಪದಿರಲಿ, ರಕ್ತವೂ ಕೂಡಿಬರಲಿ ಎಂದು. ಇದನ್ನು ಯೋಚಿಸಿದವರ ಮೇಲೆ ನನಗೆ ಬಹಳ ಗೌರವ.

ಕುಷ್ಠರೋಗದ ಹಾಳೆಯನ್ನು ನೋಡಿದ್ದೀರಾ? ವಿಶ್ವ ಆರೋಗ್ಯ ಸಂಸ್ಥೆ 1995ರಿಂದ ಜಗತ್ತಿನಾದ್ಯಂತ ಉಚಿತವಾಗಿ ಒದಗಿಸುತ್ತಿರುವ ಮದ್ದು ಅದು. ಹೆಚ್ಚು ತೀವ್ರ ಬಗೆಯ ಕಾಯಿಲೆ ಇರುವ ದೊಡ್ಡವರ ಹಾಳೆಯಲ್ಲಿ ಒಂದು ಕಡೆ ತಿಂಗಳ ಮೊದಲ ದಿನ ಆರೋಗ್ಯ ಕಾರ್ಯಕರ್ತೆಯ ಎದುರೇ ನುಂಗಬೇಕಾದ ರಿಫಾಂಪಿಸಿನ್, ಕ್ಲೋಫಜಿಮೀನ್, ಡ್ಯಾಪ್ಸೋನ್ ಒಟ್ಟಿಗೆ ಇರುತ್ತವೆ. ಉಳಿದ 27 ದಿನಕ್ಕೆ ದಿನಕ್ಕೆರಡು ಮದ್ದು, ಜೋಡಿ ಜೋಡಿಯಾಗಿ. ಇಂಥ 12 ಹಾಳೆ ಮುಗಿಸಿದರೆ ಚಿಕಿತ್ಸೆ ಮುಗಿಯಿತು. ಮೂರು ಮದ್ದು, ಬೇರೆ ಬೇರೆ ಪ್ರಮಾಣ, ಬೇರೆ ಬೇರೆ ದಿನ. ಇದನ್ನೇ ಮೂರು ಶೀಶೆಯಲ್ಲಿ ಕೊಟ್ಟು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರೆ ಎಷ್ಟು ಜನ ಸರಿಯಾಗಿ ನುಂಗುತ್ತಿದ್ದರು? ನಮ್ಮಜ್ಜಿಯ ಶೀಶೆಯ ಹಲ್ಲು ಗುರುತಿನ ವಂಶವೇ ಇದು.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಕ್ಷಯರೋಗಿಗಳಿಗಾಗಿ 99ಡಾಟ್ಸ್ ಎಂಬ ವ್ಯವಸ್ಥೆ ರೂಪುಗೊಂಡಿತು. ಮಾತ್ರೆ ಹಾಳೆಯನ್ನು ಒಂದು ರಟ್ಟಿನ ಹೊದಿಕೆಗೆ ಸೇರಿಸುತ್ತಾರೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಒಂದು ಫೋನ್ ನಂಬರು ಕಾಣುತ್ತದೆ. ರೋಗಿ ಆ ಉಚಿತ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಇವತ್ತಿನ ಮಾತ್ರೆ ನುಂಗಿದ್ದು ಆರೋಗ್ಯ ಕೇಂದ್ರಕ್ಕೆ ತಿಳಿಯುತ್ತದೆ. ಮುಂದಿನ ಮಾತ್ರೆಯ ಹಿಂದೆ ಯಾವ ನಂಬರಿದೆ ಎಂದು ಮೊದಲೇ ಊಹಿಸಲಾಗದು. ಮಾತ್ರೆ ನುಂಗಿಯೂ ಕರೆ ಮಾಡಲು ಮರೆತವರು ಇದ್ದರು, ಮನೆಯಲ್ಲಿ ಫೋನೇ ಇಲ್ಲದವರೂ ಇದ್ದರು. ಆದ್ದರಿಂದ ಇದೊಂದೇ ಸಾಕಾಗದು. ಆದರೂ ಒಂದು ತುಂಡು ರಟ್ಟಿನಿಂದ ಇಷ್ಟು ಮಾಡಬಹುದು ಎಂದು ನೋಡಿದಾಗ ನನಗೆ ಸಂತೋಷ ತಡೆಯಲಾಗಲಿಲ್ಲ. ಲಸಿಕೆಯ ಶೀಶೆಯ ಮೇಲಿನ ಪುಟ್ಟ ವೃತ್ತವೂ ಹೀಗೆಯೇ. ವೃತ್ತದೊಳಗೊಂದು ತಿಳಿ ಬಣ್ಣದ ಚೌಕ ಇರುತ್ತದೆ. ಶಾಖ ತಗಲಿದಷ್ಟೂ ಚೌಕ ಕಪ್ಪೇರುತ್ತದೆ, ಸುತ್ತಲಿನ ವೃತ್ತದ ಬಣ್ಣಕ್ಕೆ ಸಮವಾದರೆ ಆ ಲಸಿಕೆ ಕೊಡುವಂತಿಲ್ಲ. 1996ರಲ್ಲಿ ಪೋಲಿಯೊ ಹನಿಯ ಶೀಶೆಗಳ ಮೇಲೆ ಇದು ಮೊದಲು ಬಂತು. ಬಿಸಿಲಲ್ಲಿ ಐಸ್ ಪೆಟ್ಟಿಗೆ ಹೊತ್ತು ಮನೆಮನೆ ಅಲೆದ ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಈ ಚೌಕ ನೋಡಿಯೇ ಮಗುವಿನ ಬಾಯಿಗೆ ಹನಿ ಹಾಕಿದ್ದಾರೆ.

ನನ್ನ ಈಗಿನ ನೆರೆಮನೆಯಲ್ಲಿ ಮಂಡ್ಯ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಓದು ಬಾರದು. ತಿಂಗಳಿಗೊಮ್ಮೆ ಮಾತ್ರೆ ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಅಳಿಸದ ಮಾರ್ಕರ್ ಪೆನ್ನಿನಿಂದ ಹಾಳೆಯ ಮೇಲೆ ಗುರುತು ಹಾಕಿಕೊಡುತ್ತೇನೆ. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಮೊದಲ ಸಲ ಕೊಟ್ಟಾಗ ಅಜ್ಜಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸೂರ್ಯಪ್ಪ ಸರಿ. ಚಂದ್ರ ಬ್ಯಾಡ ಕಣವ್ವಾ, ಅಮಾಸೆ ದಿನ ಅವನ್ನ ಎಲ್ಲಿ ಹುಡುಕ್ಲಿ? ದೀಪ ಬರಿ” ಎಂದರು. ಅಂದಿನಿಂದ ರಾತ್ರಿಯ ಮಾತ್ರೆಗೆ ದೀಪ ಬರೆಯುತ್ತಿದ್ದೇನೆ.